ಅವ್ವನ ರಿಪೋರ್ಟಿನ ಇಂಗ್ಲಿಷ್ ಪದ

ನಾನು ಚಳ್ಳಕೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಅವ್ವನ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದಿತ್ತು. ಚಳ್ಳಕೆರೆಯ ಡಾಕ್ಟರು ಅದಕ್ಕೆ ಸೂಜಿ ಚುಚ್ಚಿ, ಬಂದದ್ದನ್ನು ಪರೀಕ್ಷೆಗೆಂದು ದಾವಣಗೆರೆಗೆ ಕಳಿಸಿದ್ದರು. ರಿಪೋರ್ಟು ಬಂದ ದಿನ ಅವರು ಊರಲ್ಲಿರಲಿಲ್ಲ. ನರ್ಸು ಕವರು ಕೈಗಿಟ್ಟು, "ಸೋಮವಾರ ಬಂದು ತೋರಿಸ್ರಿ" ಎಂದಳು.

ನಮ್ಮೂರು ಕೊಂಡ್ಲಹಳ್ಳಿಯ ಬಸ್ಸಿಗೆ ಕಾಯುವಾಗ ಅವ್ವ, "ಓದೇ, ಏನ್ ಬರ್ದಾರೆ?" ಎಂದಳು.

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಆದರೂ ನನಗೆ ತಿಳಿದದ್ದು ಅವಳ ಹೆಸರು, ವಯಸ್ಸು ಮಾತ್ರ. ಕೊನೆಯಲ್ಲಿ 'ಇನ್‌ಅಡಿಕ್ವೇಟ್' ಎಂದಿತ್ತು. ಮನೆಗೆ ಬಂದು ನಿಘಂಟು ತೆಗೆದೆ. ಸಾಲದ, ಕೊರತೆಯುಳ್ಳ, ಅಸಮರ್ಥ. ಏನು ಸಾಲದು? ರಕ್ತವೋ, ಆಯುಷ್ಯವೋ?

"ಸಾಲ್ದು ಅಂತ ಐತವ್ವ."

"ಏನ್ ಸಾಲ್ದು?"

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. "ಮೈಯಾಗೆ ಶಕ್ತಿ ಸಾಲ್ದು ಅನ್ಸುತ್ತೆ" ಎಂದುಬಿಟ್ಟೆ.

ಮರುದಿನ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿ ಮುದ್ದೆ ತಿರುವುವುದನ್ನು ಕಲಿಸಿದಳು. ತನ್ನೆರಡು ಒಳ್ಳೆ ಸೀರೆಗಳನ್ನು ನನ್ನ ಪೆಟ್ಟಿಗೆಗೆ ಹಾಕಿದಳು. ಸೋಮವಾರ ಬಸ್ಸು ಹತ್ತಲೇ ಇಲ್ಲ. "ಶಕ್ತಿನೇ ಇಲ್ದ ಮೈಗೆ ಔಷಧಿ ಏನ್ ಮಾಡುತ್ತೆ?" ಎಂದಳು. ಅಪ್ಪ ಬೈದ, ಬೇಡಿಕೊಂಡ. ಆಗಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಕೊನೆಗೆ ತಡೆಯಲಾರದೆ ರಿಪೋರ್ಟನ್ನು ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಗಾಬರಿಯಾದರು.

"ಇದು ನಿಮ್ಮವ್ವನ ಮೈ ವಿಷಯ ಅಲ್ಲಮ್ಮ. ಸೂಜಿಯಿಂದ ತೆಗೆದದ್ದು ಪರೀಕ್ಷೆಗೆ ಸಾಲಲಿಲ್ಲ, ಇನ್ನೊಂದ್ಸಲ ತೆಗೀಬೇಕು ಅಂತ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

ಕ್ಲಾಸು ಬಿಟ್ಟು ಊರಿಗೆ ಓಡಿದೆ. ಅವ್ವ ನಂಬಲಿಲ್ಲ. "ನನ್ ಸಮಾಧಾನಕ್ಕೆ ಹೇಳ್ತೀಯಾ" ಎಂದಳು. ಕಾಲು ಹಿಡಿದು ಅತ್ತೆ. ಆಮೇಲೆ ಹೊರಟಳು.

ಎರಡನೇ ರಿಪೋರ್ಟಿಗೆ ನಿಘಂಟು ಬೇಕಾಗಲಿಲ್ಲ. ಕ್ಯಾನ್ಸರ್ ಎಂಬುದು ಅವ್ವನಿಗೂ ಗೊತ್ತಿದ್ದ ಪದ. ಮೂರು ವಾರ ಮೊದಲೇ ಬಂದಿದ್ದರೆ ಎಂದು ಡಾಕ್ಟರನ್ನು ಕೇಳಿದೆ. "ಅಷ್ಟರಿಂದ ಏನೂ ವ್ಯತ್ಯಾಸ ಆಗಿರ್ತಿರಲಿಲ್ಲ" ಎಂದರು. ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ.

ಅವ್ವ ಇನ್ನೊಂದು ವರ್ಷ ಇದ್ದಳು. ನಾನು ಮಾಡಿದ ತಪ್ಪನ್ನು ಅವಳ ಮುಂದೆ ಒಪ್ಪಿಕೊಳ್ಳಬೇಕೆಂದು ಎಷ್ಟೋ ಸಲ ಹಾಸಿಗೆಯ ಬಳಿ ಕೂತೆ. ನೋಡಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ನನ್ ಮಗಳು ಇಂಗ್ಲಿಷ್ ಓದ್ತಾಳೆ ಕಣ್ರೀ. ಅವಳಿಂದ್ಲೇ ಕಾಯ್ಲೆ ಗೊತ್ತಾಗಿದ್ದು." ಅದನ್ನು ಕೇಳಿದ ಮೇಲೆ ತಪ್ಪನ್ನು ಹೇಳದೆಯೇ ಎದ್ದು, ಮುದ್ದೆ ತಿರುವಲು ಒಲೆಯ ಮುಂದೆ ಕೂರುತ್ತಿದ್ದೆ.