ರುಸೈಲಿನ ಇಬ್ಬರು ರೊಮಾನ್ಶರು

ಸ್ವಿಟ್ಜರ್ಲೆಂಡ್ ನೋಡಿಬಂದ ಮಗಳು ಲವೀನಾ ಮೊನ್ನೆ ನನಗೊಂದು ಹತ್ತು ಫ್ರಾಂಕಿನ ನೋಟು ಕೊಟ್ಟಳು. ಬ್ಯಾಂಕಿನ ಹೆಸರು ಅದರಲ್ಲಿ ನಾಲ್ಕು ಭಾಷೆಗಳಲ್ಲಿದೆ. ಮೂರನ್ನು ನೀವೂ ಊಹಿಸಬಲ್ಲಿರಿ. ನಾಲ್ಕನೆಯದು ರೊಮಾನ್ಶ್, ಆಲ್ಪ್ಸಿನ ಕೆಲವು ಕಣಿವೆಗಳಲ್ಲಷ್ಟೇ ಉಳಿದಿರುವ ಲ್ಯಾಟಿನ್ನಿನ ಮೊಮ್ಮಗಳು. ಅದು ನನಗೆ ಪರಿಚಯವಾದದ್ದು ಒಮಾನಿನಲ್ಲಿ ಎಂದರೆ ನೀವು ನಗಬಹುದು.

ಈ ಶತಮಾನದ ಮೊದಲ ವರ್ಷಗಳವು. ಅಲ್ಲಿನ ರುಸೈಲಿನ ಕಾರ್ಖಾನೆಯೊಂದರಲ್ಲಿ, ಮಂಗಳೂರು ಕಡೆಯ ಕೊಂಕಣಿಯವನಾದ ನಾನು ಸ್ಟೋರ್ ಕೀಪರ್. ಯಂತ್ರ ಕೂರಿಸಲು ಬಂದ ಸ್ವಿಸ್ ಎಂಜಿನಿಯರುಗಳು ಇಬ್ಬರು, ಜಿಯೋನ್ ಮತ್ತು ದೂರಿ. ಇಬ್ಬರ ಮನೆಮಾತೂ ರೊಮಾನ್ಶ್, ಆದರೆ ಕಣಿವೆ ಬೇರೆ, ನುಡಿಯೂ ತುಸು ಬೇರೆ. ಅಷ್ಟಕ್ಕೇ ಅವರು ಪರಸ್ಪರ ಜರ್ಮನ್ ಆಡುತ್ತಿದ್ದರು. ಅವರ ಊರಿನ ಸರಕಾರ ಎಲ್ಲ ಕಣಿವೆಗಳಿಗೂ ಸೇರಿ ಒಂದೇ ಬರಹದ ಭಾಷೆಯಲ್ಲಿ ಶಾಲಾಪುಸ್ತಕ ತರಲು ಹೊರಟಿತ್ತು. ಅದನ್ನು ಬೈಯುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

"ಇಡೀ ಒಮಾನಲ್ಲಿ ಇಬ್ರೇ ಇರುದು ಮಾರಾಯ್ರೆ, ಅವ್ರೂ ಜರ್ಮನ್ ಮಾತಾಡುದಾ?" ಎಂದರು ಕ್ಯಾಂಟೀನಿನಲ್ಲಿ ನಮ್ಮ ಊರಕಡೆಯ ಶೆಟ್ಟರು.

ನಾನು ಸುಮ್ಮನಿರಬೇಕಲ್ಲ! ಚಹಾದ ಹೊತ್ತಿಗೆ ಜಿಯೋನನಿಗೆ ಉಪದೇಶವನ್ನೇ ಮಾಡಿದೆ. ಮಕ್ಕಳು ಕಲಿಯುವುದು ಮುಖ್ಯ, ಯಾವ ಕಣಿವೆಯದಾದರೇನು ಎಂದೆ. ಅವನು ತಾಳ್ಮೆಯಿಂದ ಕೇಳಿ, "ನಿಮ್ಮ ಕೊಂಕಣಿಗೆ ಎಷ್ಟು ಕಣಿವೆ?" ಎಂದ. ನಾನು ಚಹಾ ಮುಗಿಸುವ ಅವಸರದಲ್ಲಿದ್ದೆ.

ಆ ಶುಕ್ರವಾರವೇ ಪಕ್ಕದ ಸೀಬ್ ಪಟ್ಟಣದ ನಮ್ಮ ಫ್ಲಾಟಿನಲ್ಲಿ ಸಭೆ. ಮಕ್ಕಳಿಗೆ ಕೊಂಕಣಿ ತರಗತಿ ಶುರುಮಾಡುವ ವಿಚಾರ. ಲವೀನಾಳಿಗೆ ಆಗ ಒಂಬತ್ತು. ಶಾಲೆಯಲ್ಲಿ ಹಿಂದೆ ಬೀಳದಿರಲೆಂದು ಮನೆಯಲ್ಲೂ ನಾವು ಅವಳೊಂದಿಗೆ ಇಂಗ್ಲಿಷನ್ನೇ ಆಡುತ್ತಿದ್ದೆವು. ಊರು ಮೂಡುಬೆಳ್ಳೆಯಿಂದ ನನ್ನ ತಾಯಿ, ಅವಳ ಮಾಯ್, ಫೋನ್ ಮಾಡಿದರೆ "ಫೈನ್, ಮಾಯ್" ಎಂದು ಫೋನನ್ನು ನನ್ನ ಕೈಗಿಡುತ್ತಿದ್ದಳು. ಅಜ್ಜಿಯೊಡನೆ ಮೊಮ್ಮಗಳು ನಾಲ್ಕು ಮಾತಾಡಲಿ ಎಂಬುದೇ ತರಗತಿಯ ಮೂಲ ಉದ್ದೇಶ.

ಗೋವಾದ ಕಾಯ್ತಾನ್, "ಇಂಗ್ಲಿಷ್ ಅಕ್ಷರದಲ್ಲೇ ಬರೆಸೋಣ, ಮಕ್ಕಳಿಗೆ ಅದು ಬರ್ತದೆ" ಎಂದ.

"ಕನ್ನಡ ಲಿಪಿ, ಮಂಗಳೂರು ಕೊಂಕಣಿ. ಇಲ್ಲದಿದ್ರೆ ಖಲಾಸ್" ಎಂದೆ.

ಮೂರು ಶುಕ್ರವಾರ ಕೊಂಕಣಿಗಾಗಿ ಹೊಡೆದಾಡಿದೆವು, ಇಂಗ್ಲಿಷಿನಲ್ಲಿ. ನಾನು ಕೊಂಕಣಿಯಲ್ಲಿ ಉತ್ತರಿಸಿದರೆ ಅವನದೂ ಕೊಂಕಣಿಯೇ ಎಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ. ನಾಲ್ಕನೆಯ ಶುಕ್ರವಾರ ಯಾರೂ ಬರಲಿಲ್ಲ. ತರಗತಿ ನಡೆಯಲೇ ಇಲ್ಲ. ಬಿಟ್ಟುಕೊಡಲಿಲ್ಲವೆಂದು ನಾನು ವಾರವಿಡೀ ಬೀಗಿದೆ.

ಮೊನ್ನೆ ಲವೀನಾ ಇಂಗ್ಲಿಷಿನಲ್ಲೇ ಕೇಳಿದಳು: "ಡ್ಯಾಡಿ, ಆಸ್ಪತ್ರೆಯಲ್ಲಿ ಕೊನೆಯ ದಿನ ಮಾಯ್ ನನಗೇನೋ ಹೇಳಿದ್ರು. ಅರ್ಥ ಆಗದೆ ನಕ್ಕು ಟಾಟಾ ಮಾಡಿ ಹೊರಗೆ ಬಂದೆ. ಏನದು?" ಆಮೇಲೆ ಇಷ್ಟು ವರ್ಷ ಜೋಪಾನ ಮಾಡಿಟ್ಟ ಸದ್ದನ್ನು ಒಂದಕ್ಷರ ಕೆಡದಂತೆ ಹೇಳಿದಳು: "ಮ್ಹಜೆಲಾಗಿಂ ಇಲ್ಲೊ ವೇಳ್ ಬಸ್."

ನನ್ನ ಹತ್ತಿರ ಸ್ವಲ್ಪ ಹೊತ್ತು ಕೂತುಕೋ.

"ದೇವರು ಒಳ್ಳೇದು ಮಾಡಲಿ ಅಂತ ಆಶೀರ್ವಾದ ಅದು" ಎಂದೆ.

ಅವಳು ನಂಬಿದಳು. ನಾನು ಹೇಳಿದ್ದು ಸುಳ್ಳೆಂದು ತಿಳಿಯುವಷ್ಟು ಕೊಂಕಣಿಯನ್ನೂ ನಾನು ಅವಳಿಗೆ ಕಲಿಸಿರಲಿಲ್ಲ.