ಹಿನ್ನೀರಿನ ಗಾಳಿಗೆ ಟಿಕೆಟ್ ಕೇಳಿದವನು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಯಾರನ್ನಾದರೂ ನಂಬುವ ಅಭ್ಯಾಸ ಉಳಿಯುವುದಿಲ್ಲ. ಸೀಟಿನಲ್ಲಿ ತೂಕಡಿಸುವವನನ್ನು ಕಂಡರೆ ಇದು ನಿದ್ದೆಯೋ ನಾಟಕವೋ ಎಂದು ನೋಡುತ್ತೇನೆ. ಮಗುವಿಗೆ ಐದು ವರ್ಷ ಎಂದರೆ ಬಾಯಿ ತೆರೆಸಿ ಹಲ್ಲು ನೋಡುತ್ತೇನೆ. ಮೊನ್ನೆ ಮೊಮ್ಮಗಳು ಹೊಟ್ಟೆನೋವು ಎಂದಾಗ ನಾನು ಮೊದಲು ಕೇಳಿದ್ದು, ಇವತ್ತು ಶಾಲೆಯಲ್ಲಿ ಪರೀಕ್ಷೆ ಇದೆಯಾ ಅಂತ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಇಂಥವನ ಕೈಗೆ ಹವಾಮಾನ ಹೇಳುವ ಆ್ಯಪ್ ಸಿಕ್ಕರೆ ಅದರ ಗತಿ ಏನು ಎಂದು ನೀವೇ ಊಹಿಸಿ.

ಆ್ಯಪ್ ನೋಡುವ ಕರ್ಮ ನನಗೆ ಅಂಟಿದ್ದು ನನ್ನ ಡ್ರೈವರ್‌ನಿಂದ. ನಾವಿಬ್ಬರೂ ಹುಣಸೂರಿನವರು, ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ನನಗಿಂತ ದೊಡ್ಡವರಾದ್ದರಿಂದ ಅವರನ್ನು ಅಣ್ಣ ಎನ್ನುತ್ತೇನೆ. ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ಅವರ ಕಣ್ಣು ಕೈಕೊಟ್ಟಿತು. ದೂರದ್ದೆಲ್ಲ ಮಸುಕು, ಎಡಬಲದ್ದು ಕಾಣುವುದೇ ಇಲ್ಲ. ಸ್ಟಿಯರಿಂಗ್ ಮುಂದಿನಿಂದ ಎಬ್ಬಿಸಿ ಡಿಪೋದ ಟೇಬಲ್ ಮುಂದೆ ಕೂರಿಸಿದರು. ಆ ಎರಡು ವರ್ಷ ಅವರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸುತ್ತಿರುತ್ತಾರೆ ಎಂದು ಅವರ ಹೆಂಡತಿ ನಮ್ಮ ಮನೆಗೆ ಬಂದು ಅತ್ತಿದ್ದರು.

ಅವರು ನಿವೃತ್ತರಾದ ವರ್ಷ ಎಚ್.ಡಿ. ಕೋಟೆ ಕಡೆ ಹೋಂಸ್ಟೇಯೊಂದು ಮುಚ್ಚಿತು. ಅಲ್ಲಿ ಮೂಲೆಗೆ ಬಿದ್ದಿದ್ದ ಪುಟ್ಟ ಹಾಯಿದೋಣಿಯನ್ನು ಅಣ್ಣ ತಂದುಬಿಟ್ಟರು. ಇಬ್ಬರು ಕೂರುವಷ್ಟು ಜಾಗ, ಒಂದು ಕಂಬ, ತೇಪೆ ಹಾಕಿದ ಹಾಯಿ. ಅಲ್ಲಿ ಕೆಲಸಕ್ಕಿದ್ದ ಮಲಯಾಳಿಯೊಬ್ಬ ನಾಲ್ಕು ಭಾನುವಾರ ಬಂದು ಓಡಿಸುವುದನ್ನು ಕಲಿಸಿದ. ಕೆ.ಆರ್. ನಗರದ ಕಡೆಯ ಹಿನ್ನೀರಿನಲ್ಲಿ, ಮೀನು ಹಿಡಿಯುವವರನ್ನು ಕೇಳಿಕೊಂಡು, ದಡ ಬಿಟ್ಟು ದೂರ ಹೋಗದೆ ಓಡಿಸತೊಡಗಿದೆವು. ನೀರಿನ ಮೇಲೆ ಎದುರಿಗೆ ಲಾರಿ ಬರುವುದಿಲ್ಲ, ಅಣ್ಣನ ಕಣ್ಣು ಅಷ್ಟಕ್ಕೆ ಸಾಕಿತ್ತು. ಚುಕ್ಕಾಣಿ ಕೈಗೆ ಬಂದ ದಿನ ಅವರು ಎರಡು ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡಿದರು. ಅಕ್ಕ, ಅಂದರೆ ಅವರ ಹೆಂಡತಿ, ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಒಂದ್ ಸಲ ಏನಾರ ಎಚ್ಚುಕಮ್ಮಿ ಆಯ್ತೋ, ದೋಣಿ ಗುಜರಿಗೆ. ಆಮ್ಯಾಕೆ ನನ್ ಮುಂದೆ ಬಂದು ಗೋಗರೀಬ್ಯಾಡಿ."

ಅಣ್ಣನದೊಂದು ಪದ್ಧತಿ ಇತ್ತು. ಕಂಡಕ್ಟರ್ ಎರಡು ವಿಸಿಲ್ ಹೊಡೆಯದೆ ಅವರು ಗಾಡಿ ಅಲುಗಿಸಿದವರಲ್ಲ. ವಿಸಿಲ್ ಬಿದ್ದ ಮೇಲೆ ಯಾಕೆ, ಏನು ಎಂದು ಕೇಳಿದವರೂ ಅಲ್ಲ. ದೋಣಿಯಲ್ಲೂ ಅದೇ ನಡೆಯಿತು. ಹಾಯಿ ಏರಿಸಿ, ಚುಕ್ಕಾಣಿ ಹಿಡಿದು ಕೂತು, "ರೈಟಾ?" ಎನ್ನುತ್ತಿದ್ದರು. ನಾನು ಕೊರಳಿನ ಹಳೆಯ ವಿಸಿಲ್ ಬಾಯಿಗಿಟ್ಟು ಎರಡು ಸಲ ಊದಿದರೆ ಮಾತ್ರ ಹೊರಡುವುದು. ಆಕಾಶ ನೋಡುವುದು, ಗಾಳಿ ವಿಚಾರಿಸುವುದು ಪೂರ್ತಿ ನನ್ನ ಪಾಲಿಗೆ ಬಂತು.

ಹಾಗಾಗಿ ವಿಚಾರಣೆ ಶುರು ಮಾಡಿದೆ. ಮೊದಲು ಸಿಕ್ಕ ಆ್ಯಪ್ ನಮ್ಮ ಹಿನ್ನೀರಿಗೆ ಮೈಸೂರಿನ ಮಳೆಯನ್ನು ತೋರಿಸುತ್ತಿತ್ತು. ನನಗೆ ಇದನ್ನು ಹೇಳಲು ಬಂತಲ್ಲ! ಪಿರಿಯಾಪಟ್ಟಣದಲ್ಲಿ ವೈಪರ್ ಹಾಕಿಕೊಂಡು ಹೊರಟ ಬಸ್ಸು ಹುಣಸೂರು ಮುಟ್ಟುವಷ್ಟರಲ್ಲಿ ಧೂಳೆಬ್ಬಿಸುವುದನ್ನು ಎಷ್ಟು ಸಲ ನೋಡಿಲ್ಲ. ಭೇರ್ಯದಲ್ಲಿ ಕೊಡೆ ಬಿಚ್ಚಿ ಹತ್ತಿದವರು ಕೆ.ಆರ್. ನಗರದಲ್ಲಿ ಬಿಸಿಲಿಗೆ ಅದೇ ಕೊಡೆ ಹಿಡಿದು ಇಳಿಯುತ್ತಾರೆ. ಅದನ್ನು ಅಳಿಸಿ, ನೀರಿನ ಮೇಲೆಯೇ ಬೆರಳಿಟ್ಟು ಕೇಳಬಹುದಾದ ಮೂರು ಆ್ಯಪ್ ಹಾಕಿಕೊಂಡೆ. ಒಂದರಲ್ಲಿ ಗಾಳಿ ಬಣ್ಣಬಣ್ಣವಾಗಿ ಹರಿಯುತ್ತಿತ್ತು, ಇನ್ನೊಂದರಲ್ಲಿ ಬರೀ ಅಂಕಿ, ಮೂರನೆಯದರಲ್ಲಿ ಬಾಣದ ಗುರುತು. ದೋಣಿಗೆ ಸಾಧಾರಣ ಗಾಳಿ ಎಷ್ಟು ಎಂದು ತಿಳಿದರೆ ಸಾಲದು, ನಡುವೆ ರಪ್ಪನೆ ಬೀಸುವ ಗಾಳಿ ಎಷ್ಟು ಎಂಬುದೇ ಮುಖ್ಯ ಎಂದು ಮಲಯಾಳಿ ಹೇಳಿದ್ದ. ಅದನ್ನೂ ನೋಡುತ್ತಿದ್ದೆ. ಇವುಗಳ ಮೇಲೆ ಕಣ್ಣಿಡಲು ಒಬ್ಬ ಮನುಷ್ಯನನ್ನೂ ಇಟ್ಟಿದ್ದೆ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ ನಡೆಸುವವನು. ಮಳೆಗಾಲದಲ್ಲಿ ನಮ್ಮ ಮಳೆ ಕೊಡಗಿನ ಕಡೆಯಿಂದ ಅವನ ಅಂಗಡಿ ದಾಟಿಯೇ ಬರಬೇಕು. ಬಸ್ಸು ಹೊರಟಿತಾ ಎಂದು ಕೇಳುವ ಹಾಗೆ, ಮೋಡ ಹೊರಟಿತಾ ಎಂದು ಅವನಿಗೆ ಫೋನ್ ಮಾಡುತ್ತಿದ್ದೆ.

ಅವನ ಮೇಲೂ ನನಗೆ ಅನುಮಾನವೇ. ಹೋದ ಬಸ್ಸನ್ನು ಈಗ ಬರುತ್ತೆ ಎಂದು ಹೇಳಿ, ಕಾಯುವವರಿಗೆ ಇನ್ನೊಂದು ಟೀ ಕುಡಿಸುವ ಆಸಾಮಿ ಅವನು.

ಶ್ರಾವಣದ ಒಂದು ಭಾನುವಾರ. ಮೂರೂ ಆ್ಯಪ್ ಒಂದೇ ಮಾತು ಹೇಳಿದವು: ಮೂರು ಗಂಟೆಯವರೆಗೆ ಹದವಾದ ಗಾಳಿ, ಮಳೆಯಿಲ್ಲ. ಟೀ ಅಂಗಡಿಯವನಿಗೆ ಫೋನ್ ಮಾಡಿದೆ.

"ಬ್ಯಾಡ ಕಣಣ್ಣ, ಇಲ್ಲಿ ತಗಡೆಲ್ಲ ಎದ್ದೋಗಂಗೆ ಬೀಸ್ತಾ ಐತೆ. ಮಡಿಕೇರಿ ಕಡೆ ಕಪ್ಪಿಟ್ಟೈತೆ. ಇವತ್ತು ಬುಟ್ಬುಡಿ."

ಇವನು ಯಾವಾಗಲೂ ಒಂದಕ್ಕೆ ಹತ್ತು ಹೇಳುವವನು ಎಂದುಕೊಂಡೆ. ಆ ಕಡೆ ಮೂರು ಸಾಕ್ಷಿ, ಈ ಕಡೆ ಒಬ್ಬ. ದಡದಲ್ಲಿ ನಿಂತು ಪಡುವಣ ಕಡೆ ನೋಡಿದೆ. ಅಂಚಿನಲ್ಲಿ ಒಂದಿಷ್ಟು ಕಪ್ಪು ಇತ್ತು. ಕಂಡಿತು, ನಾನು ಸುಳ್ಳು ಹೇಳುವುದಿಲ್ಲ. ಮತ್ತೆ ಫೋನ್ ತೆಗೆದು ಮೂರನ್ನೂ ನೋಡಿದೆ.

"ರೈಟಾ?" ಎಂದರು ಅಣ್ಣ.

ಎರಡು ವಿಸಿಲ್ ಹೊಡೆದೆ.

ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ನೀರಿನ ಬಣ್ಣ ಬದಲಾಯಿತು. ಹಾಯಿ ಒಮ್ಮೆ ಪಟಪಟ ಹೊಡೆದುಕೊಂಡಿತು, ಮರುಕ್ಷಣ ದೋಣಿ ಮಗುಚಿ ನಾವಿಬ್ಬರೂ ನೀರಿನಲ್ಲಿದ್ದೆವು. ಲೈಫ್ ಜಾಕೆಟ್ ಇತ್ತು, ಮುಳುಗಲಿಲ್ಲ. ಆದರೆ ಆ ಮಳೆಯಲ್ಲಿ ಅಣ್ಣನಿಗೆ ನಾನು ಎಲ್ಲಿದ್ದೇನೆ ಎಂಬುದೇ ಕಾಣುತ್ತಿರಲಿಲ್ಲ. "ಕಂಡಕ್ಟ್ರೇ, ಎಲ್ಲಿದ್ದೀಯಯ್ಯಾ?" ಎಂದು ನನಗೆ ಬೆನ್ನು ಮಾಡಿ ಕೂಗುತ್ತಿದ್ದರು. ನಾನು ವಿಸಿಲ್ ಊದಿದೆ. ಆ ಸದ್ದು ಹಿಡಿದು ತೇಲಿಕೊಂಡು ನನ್ನ ಕಡೆ ಬಂದರು. ಮೀನಿನವರು ತೆಪ್ಪ ತಂದು ಇಬ್ಬರನ್ನೂ ಎಳೆದುಕೊಂಡರು, ದೋಣಿಯನ್ನೂ ಕಟ್ಟಿ ತಂದರು.

ಅವರ ಗುಡಿಸಿಲಲ್ಲಿ ನಡುಗುತ್ತಾ ಕೂತು ಫೋನ್ ತೆಗೆದೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರಿಂದ ಅದು ಬದುಕಿತ್ತು. ಸಿಟ್ಟಿನಿಂದ ಒಂದೊಂದೇ ಆ್ಯಪ್‌ನ ತಳದವರೆಗೆ ಹೋದೆ. ಅಲ್ಲಿ ಇರುವೆಯಂಥ ಅಕ್ಷರದಲ್ಲಿ, ಗಾಳಿ ಮಳೆಯ ಲೆಕ್ಕ ಎಲ್ಲಿಂದ ತಂದದ್ದು ಎಂದು ಬರೆದಿತ್ತು. ಮೂರರಲ್ಲೂ ಒಂದೇ ಹೆಸರು. ಬಣ್ಣ ಬೇರೆ, ಬಾಣ ಬೇರೆ, ಮಾತು ಒಬ್ಬನದೇ.

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಮೂವರು ಒಟ್ಟಿಗೆ, "ಈಗ ಹಿಂದಿನ ಸ್ಟಾಪಲ್ಲಿ ಹತ್ತಿದ್ದು" ಎಂದು ಒಂದಕ್ಷರ ಆಚೀಚೆ ಆಗದಂತೆ ಹೇಳಿದರೆ, ಇವರು ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಹಿಡಿದುಬಿಡುತ್ತಿದ್ದವನು ನಾನು. ಊರಿನವರನ್ನೆಲ್ಲ ಅನುಮಾನಿಸಿದವನು ಈ ಮೂರನ್ನು ಮಾತ್ರ ಕೇಳದೇ ಬಿಟ್ಟಿದ್ದೆ.

ಮನೆಯ ಬಾಗಿಲಲ್ಲೇ ಅಕ್ಕ ನಮ್ಮ ಒದ್ದೆ ಬಟ್ಟೆ ನೋಡಿದರು.

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಹೇಳಿದರು: "ಇವ್ನ್ ಬ್ಯಾಡ ಅಂದ ಕಣೇ. ನಾನೇ ವಿಸಿಲ್‌ಗೆ ಕಾಯದೇನೆ ದೋಣಿ ಬುಟ್ಬುಟ್ಟೆ."

ಅಕ್ಕ ಒಂದು ಗಳಿಗೆ ಗಂಡನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಲ್ವತ್ತು ವರ್ಸ ಸಂಸಾರ ಮಾಡಿವ್ನಿ. ಇವ್ರು ವಿಸಿಲ್ ಇಲ್ದೆ ಗಾಡಿ ಎತ್ತೋರಾ ಕಂಡಕ್ಟ್ರೇ? ನೀವೇ ಯೇಳಿ."

"ಇಲ್ಲ ಅಕ್ಕ. ವಿಸಿಲ್ ಹೊಡ್ದಿದ್ದು ನಾನೇ. ಮೋಡ ಕಂಡಿತ್ತು."

ಅವರು ಟವೆಲ್ ತಂದು ಮೊದಲು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದೋಣಿಯನ್ನು ಗುಜರಿಗೆ ಹಾಕುವ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಈಗ ನನ್ನ ಫೋನಿನಲ್ಲಿ ಎರಡೇ ಆ್ಯಪ್, ತಳದಲ್ಲಿ ಬೇರೆ ಬೇರೆ ಹೆಸರಿರುವಂಥವು. ಅವೆರಡಕ್ಕೂ ಜಗಳ ಇದ್ದರೆ ಮನೆಯಲ್ಲೇ ಇರುತ್ತೇವೆ. ಎರಡೂ ಒಪ್ಪಿದರೂ ಟೀ ಅಂಗಡಿಯವನು ಹೂಂ ಅನ್ನಬೇಕು.

ಮತ್ತೆ ನೀರಿಗಿಳಿದ ದಿನ ಬಿಸಿಲು ಹೊಳೆಯುತ್ತಿತ್ತು, ಎಲ್ಲರೂ ಹೂಂ ಅಂದಿದ್ದರು. ನಾನು ಮಾತ್ರ ವಿಸಿಲ್ ಬಾಯಲ್ಲಿಟ್ಟುಕೊಂಡು ಕೂತೇ ಇದ್ದೆ. ಅದನ್ನು ತೆಗೆದು, ದೋಣಿ ಮಗುಚಿದ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ: "ಅಣ್ಣ, ಅವತ್ತು ನಿಮ್ಗೆ ಗಾಳಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣಯ್ಯ. ಕೆನ್ನೆಗೆ ತಣ್ಣಗೆ ಒಡೀತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ರೈಟ್ ಅಂದಿದ್ಯಲ್ಲ."

ಅಷ್ಟು ಹೇಳಿ ಅವರು ಚುಕ್ಕಾಣಿಯ ಮೇಲೆ ಎರಡೂ ಕೈ ಇಟ್ಟು, ಮುಂದೆ ನೋಡುತ್ತಾ ನನ್ನ ವಿಸಿಲ್ಲಿಗೆ ಕಾದರು.