ಬಾಟಲಿಯ ಕೊರಳಿನ ಗಂಟುಗಳು

ತಂಗಿ ಜ್ವರದಲ್ಲಿ ತೀರಿಕೊಂಡ ಮೂರನೇ ತಿಂಗಳು, ಕರಾವಳಿಯಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಒಂದು ಪೆಟ್ಟಿಗೆ ಹೊತ್ತು ಬಂದಳು.

ದಡಕ್ಕೆ ಬಂದು ಬಿದ್ದ, ಮೀನುಬಲೆಗೆ ಸಿಕ್ಕಿ ಸತ್ತ ಡಾಲ್ಫಿನ್, ಸಣ್ಣ ತಿಮಿಂಗಿಲಗಳನ್ನು ಅಳೆದು, ಹಲ್ಲು, ಚರ್ಮದ ಚೂರು ತೆಗೆದಿಡುವುದು ಅವರ ಕೆಲಸ. ಹಲ್ಲಿನೊಳಗಿನ ಗೆರೆ ಎಣಿಸಿದರೆ ವಯಸ್ಸು ತಿಳಿಯುತ್ತದಂತೆ. ಪೆಟ್ಟಿಗೆಯಲ್ಲಿ ತಂಗಿಯ ದಾಖಲೆ ಪುಸ್ತಕವೂ ಸ್ಪಿರಿಟ್ ತುಂಬಿದ ಇಪ್ಪತ್ತೆರಡು ಬಾಟಲಿಗಳೂ ಇದ್ದವು. ಒಳಗಿನ ಚೀಟಿಗಳೆಲ್ಲ ಖಾಲಿ.

"ಪೆನ್ಸಿಲಲ್ಲಿ ಬರೀಬೇಕಿತ್ತು ಅಕ್ಕ. ಇವಳು ಪೆನ್ನಲ್ಲಿ ಬರೆದಿದ್ದಾಳೆ, ಶಾಯಿ ಕರಗಿ ಹೋಗಿದೆ. ಪುಸ್ತಕದಲ್ಲಿ ಪ್ರಾಣಿಗಳ ವಿವರ ಉಂಟು, ಆದ್ರೆ ಯಾವ ಬಾಟಲಿ ಯಾವ ಪ್ರಾಣಿದು ಅಂತ ಗೊತ್ತಾಗದಿದ್ರೆ ಎಲ್ಲ ಬಿಸಾಡಬೇಕು. ಮನೆಯಲ್ಲಿ ಇನ್ನೊಂದು ಪುಸ್ತಕ ಏನಾದ್ರೂ ಉಂಟಾ?"

ಇರಲಿಲ್ಲ. ಆದರೆ ಪ್ರತಿ ಬಾಟಲಿಯ ಕೊರಳಲ್ಲೂ ಬಣ್ಣದ ರೇಷ್ಮೆ ಎಳೆಯಿತ್ತು.

"ಅದು ಚಂದಕ್ಕೆ ಕಟ್ಟಿದ್ದು. ನಾವೆಲ್ಲ ತಮಾಷೆ ಮಾಡ್ತಿದ್ದೆವು."

"ಚೆಂದಕ್ಕಲ್ಲ ಕಣಮ್ಮಾ!" ನನ್ನ ಕೂಗಿಗೆ ಯಜಮಾನರು ಮಗ್ಗ ನಿಲ್ಲಿಸಿ ಬಂದರು.

ನಮ್ಮಲ್ಲಿ ನೇಯ್ದ ಸೀರೆಯನ್ನು ಮಗ್ಗದಿಂದ ಇಳಿಸಿದಾಗ ಅಂಚಿಗೆ ಎಳೆ ಕಟ್ಟುತ್ತೇವೆ. ಒಂದನೇ ಮಗ್ಗಕ್ಕೆ ಕೆಂಪು, ಎರಡಕ್ಕೆ ಹಸಿರು, ಮೂರಕ್ಕೆ ಹಳದಿ, ನಾಲ್ಕಕ್ಕೆ ನೀಲಿ. ಆ ಮಗ್ಗದ ಎಷ್ಟನೇ ಸೀರೆಯೋ ಅಷ್ಟು ಗಂಟು. ಹತ್ತನೇ ತರಗತಿಯ ತನಕ ಅದು ತಂಗಿಯ ಕೆಲಸ. ಆಮೇಲೂ ಊರಿಗೆ ಬಂದಾಗಲೆಲ್ಲ ಮಗ್ಗದ ಕೆಳಗೆ ಬಿದ್ದ ಎಳೆ ಆಯ್ದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಹುಡುಗಿ ತಂದಿದ್ದ ತಂಗಿಯ ಪುಸ್ತಕ ತೆರೆಸಿದೆ. ಮೊದಲ ಪುಟದಲ್ಲಿ ನಾಲ್ಕು ಕಡಲತೀರಗಳ ಹೆಸರು, ಒಂದರಿಂದ ನಾಲ್ಕು. ಮುಂದಿನ ಪುಟಗಳಲ್ಲಿ ಆಯಾ ತೀರದ ಪ್ರಾಣಿಗಳು, ಒಂದು, ಎರಡು ಎಂದು. ಒಂದು ಬಾಟಲಿ ಎತ್ತಿಕೊಂಡೆ.

"ಇದು ಹಳದಿ, ಐದು ಗಂಟು. ಮೂರನೇ ತೀರದ ಐದನೇದು ಓದು ನೋಡಾಣ."

"ಬಲೆಗೆ ಸಿಕ್ಕಿದ ಮರಿ. ಹಲ್ಲು ಮೂಡಿಲ್ಲ, ಚರ್ಮ ಮಾತ್ರ."

ಬಾಟಲಿಯನ್ನು ಬೆಳಕಿಗೆ ಹಿಡಿದೆ. ಹಲ್ಲಿಲ್ಲ. ಬೂದು ಚರ್ಮದ ಚೂರೊಂದೇ.

"ಸಮುದ್ರಕ್ಕೋಗಿ ಅಲ್ಲೂ ಮಗ್ಗ ಹಾಕ್ಬಿಟ್ಟವ್ಳಲ್ಲ ನಮ್ಮ ನಾದಿನಿ!" ಎಂದರು ಯಜಮಾನರು. ಮೂವರೂ ನೆಲದ ಮೇಲೆ ಕುಳಿತೆವು. ಕೆಂಪು, ಎರಡು. ಹಸಿರು, ನಾಲ್ಕು. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಯಾರೂ ಏಳಲಿಲ್ಲ. ಒಂದೂ ತಪ್ಪಲಿಲ್ಲ.

ಕೊನೆಯ ಬಾಟಲಿ ನೀಲಿ, ಏಳು ಗಂಟು. ಪುಸ್ತಕದಲ್ಲಿ ನಾಲ್ಕನೇ ತೀರಕ್ಕೆ ಆರೇ ಇದ್ದವು.

"ಇದನ್ನು ಅಳೆದ ದಿನ ಸಂಜೆಯೇ ಅವಳಿಗೆ ಜ್ವರ ಬಂದದ್ದು," ಹುಡುಗಿ ಮೆಲ್ಲಗೆ ಹೇಳಿದಳು. "ಬರೆಯಲಿಕ್ಕೆ ಆಗಲಿಲ್ಲ. ಅಳತೆ ಟೇಪಿನ ಇನ್ನೊಂದು ತುದಿ ನಾನು ಹಿಡಿದಿದ್ದೆ ಅಕ್ಕ. ನನಗೆ ಎಲ್ಲ ನೆನಪುಂಟು."

"ಹಂಗಾದ್ರೆ ಹೇಳು, ಬರ್ಕೊತೀನಿ."

ಅವಳು ಹೇಳುತ್ತಾ ಹೋದಳು. ತಂಗಿಯ ಅಕ್ಷರದ ಕೆಳಗೆ, ಏಳನೆಯದನ್ನು ನಾನು ಪೆನ್ಸಿಲಿನಲ್ಲಿ ಬರೆದೆ.